ಬಿದ್ದ ಕಾಟು ಮಾವಿನ ಮರದಲ್ಲಿ ಮೂರು ಬಗೆಯ ಲೋಳೆ ಅಳಂಬೆ: ಮೈಕ್ರೋಸ್ಕೋಪಿನಲ್ಲಿ ಗುರುತಿಸಲು ಸಹಾಯ ಬೇಕು

ತೋಟದಂಚು (ಬದಿಯಡ್ಕ)

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟದ ಮೇಲ್ಭಾಗದಲ್ಲಿ, ನಾಗಬನಕ್ಕೆ ತಾಗಿ ಒಂದು ದೊಡ್ಡ ಕಾಟು ಮಾವಿನ ಮರ ಇತ್ತು. ಕಳೆದ ವರ್ಷದ ಗಾಳಿಮಳೆಗೆ ಬುಡ ಸಮೇತ ಬಿತ್ತು. ಬನದ ಮರ ಅಲ್ವಾ, ಕಡಿದು ಸಾಗಿಸಲು ಯಾರಿಗೂ ಮನಸ್ಸಾಗಲಿಲ್ಲ. ಅಲ್ಲೇ ಬಿಟ್ಟೆವು. ಈಗ ಆಟಿಯ ಮಳೆ ಹಿಡಿದ ಮೇಲೆ ಆ ಮರದ ಮೇಲೆ ಏನೇನೋ ಎದ್ದಿವೆ. ಅದರಲ್ಲಿ ಮೂರು ನನ್ನ ನಿದ್ದೆ ಕೆಡಿಸಿವೆ.

ಒಂದನೆಯದು ಬಿಳಿ. ಮಲ್ಲಿಗೆ ದಂಡೆಯನ್ನು ನೀರಲ್ಲಿ ನೆನೆಸಿಟ್ಟ ಹಾಗೆ ಎಸಳು ಎಸಳು. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ. ಎರಡನೆಯದು ಕಿತ್ತಳೆ ಬಣ್ಣ. ತೊಗಟೆ ಹೋದ ಕಡೆ, ಮರದ ಬಿರುಕಿನ ಉದ್ದಕ್ಕೂ ಸಾಲಾಗಿ ಎದ್ದಿದೆ. ಒಂದೊಂದೂ ಒಂದರಿಂದ ಒಂದೂವರೆ ಸೆಂಟಿಮೀಟರ್ ಎತ್ತರ, ತುದಿ ಸಟ್ಟುಗದಂತೆ ಅಗಲ. ಮೂರನೆಯದು ಕಾಂಡದ ಅಡಿಭಾಗದಲ್ಲಿ, ಕತ್ತಲೆಯಲ್ಲಿ. ಹೊರಗೆ ಕಪ್ಪು ಕಂದು, ಮುಟ್ಟಿದರೆ ಮಖಮಲ್ ಹಾಗೆ. ಮೇಲ್ಭಾಗ ಚಪ್ಪಟೆ, ಮಾಸಲು ಹಳದಿ. ಕತ್ತರಿಸಿದರೆ ಒಳಗೆಲ್ಲ ತಾಟಿನುಂಗಿನ ತಿರುಳಿನ ಹಾಗೆ ಲೋಳೆ.

ಮನೆಯಲ್ಲಿ ಮಗಳ ಕಾಲೇಜಿನ ದಿನಗಳ ಮೈಕ್ರೋಸ್ಕೋಪ್ ಇದೆ. 10, 40, 100ರ ಲೆನ್ಸ್ ಇವೆ. ಎಲ್ಲಿಂದ ಶುರು ಮಾಡಲಿ? ಫೋಟೋ ಹಾಕಿದ್ದೇನೆ.

ಕುಂಬಳೆ ಹೊಳೆ

ಚಂದದ ಫೋಟೋಗಳು! ಕಿತ್ತಳೆಯದು ಟ್ರೆಮೆಲ್ಲಾ ಮೆಸೆಂಟೆರಿಕಾ ಇರಬೇಕು. ಹಳದಿ ಲೋಳೆ ಅಂತ ಹುಡುಕಿದರೆ ಮೊದಲು ಬರುವುದೇ ಅದು. ಮೂರನೆಯದು ಎಳೆಯ ಕಿವಿ ಅಳಂಬೆ ಆಗಿರಬಹುದು.

ಹಳೆ ಬಾಟನಿ ಮೇಷ್ಟ್ರು

ಕುಂಬಳೆಯವರೇ, ಬಣ್ಣ ನೋಡಿ ಹೆಸರಿಡುವುದು ಬೇಡ. ಈ ಲೋಳೆ ಗುಂಪಿನಲ್ಲಿ ಅದರಷ್ಟು ಮೋಸ ಮಾಡುವುದು ಬೇರೆ ಇಲ್ಲ. ಮಳೆಯಲ್ಲಿ ನೆನೆದಾಗ ಒಂದು ರೂಪ, ಎರಡು ದಿನ ಬಿಸಿಲು ಬಂದರೆ ಒಣಗಿ ಹಪ್ಪಳದ ಚೂರು. ಗಿಡಗಳಿಗೆ ಜೋಡಿ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1753ರಲ್ಲಿ ಟ್ರೆಮೆಲ್ಲಾ ಎಂಬ ಹೆಸರನ್ನು ಬಳಸಿದಾಗ ಇದನ್ನು ಪಾಚಿಗಳ ಜೊತೆ ಸೇರಿಸಿದ್ದರು. ನಮ್ಮ ಅಂಗಳದಲ್ಲಿ ಮಳೆಗಾಲಕ್ಕೆ ಹರಡುವ ಹಸಿರು ಲೋಳೆ ನಾಸ್ಟಾಕ್ ಇದೆಯಲ್ಲ, ಅದೂ ಆಗ ಟ್ರೆಮೆಲ್ಲಾ ಆಗಿತ್ತು. ಅಷ್ಟು ದೊಡ್ಡವರಿಗೂ ಬರಿಗಣ್ಣು ಸಾಕಾಗಲಿಲ್ಲ.

ನೋಡಬೇಕಾದ್ದು ಬೆಸಿಡಿಯಂ. ಬೀಜಕ ಹೊರುವ ಕೋಶ ಅದು. ಮಾಮೂಲಿ ಕೊಡೆ ಅಳಂಬೆಯಲ್ಲಿ ಅದು ಒಂದೇ ಕೋಣೆಯ ಗದೆಯಂತೆ ಇರುತ್ತದೆ. ಲೋಳೆ ಅಳಂಬೆಗಳಲ್ಲಿ ಹಾಗಲ್ಲ. ಟ್ರೆಮೆಲ್ಲಾದಲ್ಲಿ ಅದು ದುಂಡಗೆ, ಉದ್ದುದ್ದಕ್ಕೆ ಗೋಡೆ ಬಿದ್ದು ನಾಲ್ಕು ಭಾಗ. ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತೇವಲ್ಲ, ತೊಟ್ಟು ಬಿಡಿಸದೆ, ಅದೇ ರೂಪ. ಕಿವಿ ಅಳಂಬೆಯಲ್ಲಿ ಉದ್ದನೆಯ ಕೋಲು, ಅಡ್ಡಕ್ಕೆ ಮೂರು ಗೋಡೆ, ಬಿದಿರಿನ ಗಂಟಿನ ಹಾಗೆ. ಡ್ಯಾಕ್ರಿಮೈಸೀಸ್ ಎಂಬ ಇನ್ನೊಂದು ಲೋಳೆ ಬಳಗದಲ್ಲಿ ಗೋಡೆಯೇ ಇಲ್ಲ, ಎರಡು ಕೈ ಎತ್ತಿದ ಶ್ರುತಿಕವಲು. ಟ್ರೆಮೆಲ್ಲಾದ ಆ ಸೀಳನ್ನು ಫ್ರಾನ್ಸಿನ ಲೂಯಿ ರೆನೆ ತ್ಯುಲಾನ್ 1853ರಲ್ಲೇ ವಿವರಿಸಿದ್ದರು, ಆಗಿನ ಕಾಲದ ಮೈಕ್ರೋಸ್ಕೋಪಿನಲ್ಲಿ. ನಿಮ್ಮದರಲ್ಲಿ ಖಂಡಿತ ಕಾಣುತ್ತದೆ.

ತೋಟದಂಚು (ಬದಿಯಡ್ಕ)

ಮೇಷ್ಟ್ರೇ, ಮೂರು ರಾತ್ರಿ ಕೂತೆ. ಏನೂ ಸಿಗಲಿಲ್ಲ. ಬ್ಲೇಡಿನಿಂದ ಚೂರು ತೆಗೆದು, ನೀರು ಹಾಕಿ, ಕವರ್‌ಸ್ಲಿಪ್ ಇಟ್ಟು ನೋಡಿದೆ. ಬರೀ ಗಾಜಿನಂಥ ಲೋಳೆ, ಅದರೊಳಗೆ ಕೂದಲಿನಂತೆ ಎಳೆಗಳು. ಅಲ್ಲಲ್ಲಿ ಗಾಳಿಯ ಗುಳ್ಳೆ. ಮೊದಲ ದಿನ ಆ ಗುಳ್ಳೆಯನ್ನೇ ಬೀಜಕ ಎಂದುಕೊಂಡು ಚಿತ್ರ ಬರೆದೆ.

ಪೆರಿಯದ ಎಂಎಸ್ಸಿ

ಅಣ್ಣಾ, ನೀವು ಚೂರು ತೆಗೆದದ್ದು ಒಳಗಿನಿಂದ ಇರಬೇಕು. ಒಳಗೆ ಇರುವುದು ಎಳೆ ಮತ್ತು ಲೋಳೆ ಮಾತ್ರ. ಬೆಸಿಡಿಯಂ ಇರುವುದು ಮೇಲ್ಮೈಯ ತೆಳು ಪದರದಲ್ಲಿ. ನಮಗೂ ಲ್ಯಾಬಿನಲ್ಲಿ ಮೊದಲು ಇದೇ ಆದದ್ದು.

ಹೀಗೆ ಮಾಡಿ ನೋಡಿ. ಅಳಂಬೆಯನ್ನು ತಂದ ಕೂಡಲೇ ಕತ್ತರಿಸಬೇಡಿ. ಒಂದೆರಡು ಗಂಟೆ ಗಾಳಿಗೆ ಬಿಡಿ. ಅರ್ಧ ಒಣಗಿದಾಗ ರಬ್ಬರಿನಂತೆ ಬಿಗಿಯಾಗುತ್ತದೆ, ಆಗ ಬ್ಲೇಡಿಗೆ ಸಿಗುತ್ತದೆ. ಹಿಡಿದುಕೊಳ್ಳಲು ಮರಗೆಣಸಿನ ಕೋಲಿನ ಒಳಗಿನ ಬೆಂಡು ಒಳ್ಳೆಯದು. ಬೆಂಡನ್ನು ಸೀಳಿ, ನಡುವೆ ಅಳಂಬೆಯ ಚೂರು ಇಟ್ಟು, ಎರಡನ್ನೂ ಸೇರಿಸಿ ಹೊಸ ಬ್ಲೇಡಿನಲ್ಲಿ ತೆಳ್ಳಗೆ ಹೆರೆಯಿರಿ. ಹತ್ತು ಸಲ ಹೆರೆದರೆ ಒಂದು ಚೆನ್ನಾಗಿ ಬರುತ್ತದೆ. ಚೂರು ಸಾಸಿವೆಯ ಕಾಲು ಭಾಗಕ್ಕಿಂತ ದೊಡ್ಡದು ಬೇಡ.

ಆಮೇಲೆ 3 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ. ಲೋಳೆ ಸಡಿಲವಾಗುತ್ತದೆ, ಕೋಶಗಳು ಬಿಡಿಸಿಕೊಳ್ಳುತ್ತವೆ. ಜೊತೆಗೆ ಕೋಶಕ್ಕೆ ಬಣ್ಣ ಹಿಡಿಸುವ ಕಾಂಗೋ ರೆಡ್ ಅಥವಾ ಫ್ಲಾಕ್ಸಿನ್. ಅದಿಲ್ಲದೆ ಎಲ್ಲವೂ ಗಾಜಿನೊಳಗಿನ ಗಾಜು. ಕವರ್‌ಸ್ಲಿಪ್ಪಿನ ಮೇಲೆ ಪೆನ್ಸಿಲಿನ ರಬ್ಬರ್ ತುದಿಯಿಂದ ಮೆಲ್ಲ ಒತ್ತಿ. ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಲೆನ್ಸು, ಅಂದರೆ ಕಂಡೆನ್ಸರಿನ ಕೆಳಗಿನ ಬೆಳಕಿನ ಕಿಂಡಿಯನ್ನು ಸ್ವಲ್ಪ ಮುಚ್ಚಿ, ಅಂಚುಗಳು ಎದ್ದು ಕಾಣುತ್ತವೆ. ಆ ದ್ರಾವಣ ಲೆನ್ಸಿಗೆ ತಾಗಿದರೆ ಕೂಡಲೇ ಒರೆಸಿ. ಕೈಗೂ ಒಳ್ಳೆಯದಲ್ಲ.

ಮುಳ್ಳೇರಿಯ ಕೃಷಿಕ

ನಡುವೆ ಒಂದು ಮಾತು. ನೀವೆಲ್ಲ ಚಂದ ನೋಡುತ್ತಿದ್ದೀರಿ, ನನಗೆ ಹೆದರಿಕೆ. ತೋಟದ ತಲೆಯಲ್ಲೇ ಇಷ್ಟು ಅಳಂಬೆ ಎದ್ದರೆ ಅಡಿಕೆಗೆ ಅಣಬೆ ರೋಗ ಬರುವುದಿಲ್ಲವೇ? ನಮ್ಮಲ್ಲಿ ಹಿಂದೆ ಒಂದು ಸಾಲು ಮರ ಹೋಗಿದೆ. ನಾನಾದರೆ ಆ ಕಾಂಡವನ್ನು ಸುಡುತ್ತಿದ್ದೆ.

ಹಳೆ ಬಾಟನಿ ಮೇಷ್ಟ್ರು

ನಿಮ್ಮ ಹೆದರಿಕೆ ಸುಮ್ನೆ ಬಂದದ್ದಲ್ಲ. ಅಣಬೆ ರೋಗ ತರುವುದು ಗ್ಯಾನೋಡರ್ಮಾ ಎಂಬ ಶಿಲೀಂಧ್ರ. ಬೇರಿನಿಂದ ಹೋಗಿ ಬುಡವನ್ನು ಕೊಳೆಸುತ್ತದೆ. ಬುಡದಲ್ಲಿ ಎದ್ದು ಬರುವುದು ಗಟ್ಟಿ, ಮರದಂಥ ಹಲಗೆ, ಮೇಲೆ ವಾರ್ನಿಷ್ ಹೊಡೆದ ಹೊಳಪು. ಉಗುರಿನಿಂದ ಒತ್ತಿದರೆ ತಗ್ಗುವುದಿಲ್ಲ. ಅದರ ಬೀಜಕ ಕಂದು, ಎರಡು ಪದರದ ಗೋಡೆ, ಒಂದು ತುದಿ ಕತ್ತರಿಸಿದ ಹಾಗೆ ಮೊಂಡು. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಅಂಥದ್ದು ತೋಟದ ಬುಡಗಳಲ್ಲಿ ಕಂಡರೆ ಆ ಬುಡವನ್ನು ಬೇರು ಸಮೇತ ತೆಗೆಯಬೇಕು, ನಿಜ.

ಈ ಲೋಳೆಯವು ಬೇರೆ. ಕೆಲವು ಸತ್ತ ಮರವನ್ನು ತಿನ್ನುತ್ತವೆ. ಟ್ರೆಮೆಲ್ಲಾಗಳಂತೂ ಮರವನ್ನೂ ತಿನ್ನುವುದಿಲ್ಲ, ಮರದಲ್ಲಿರುವ ಬೇರೆ ಶಿಲೀಂಧ್ರವನ್ನು ಹಿಡಿದು ಬದುಕುತ್ತವೆ. ಜೀವಂತ ಅಡಿಕೆಯ ಬೇರಿಗೆ ಇವು ಹೋಗುವುದಿಲ್ಲ. ಇನ್ನು ಕೊಳೆರೋಗಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಅದನ್ನು ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ. ದಯವಿಟ್ಟು ಬನದ ಮರ ಸುಡಬೇಡಿ.

ಮುಳ್ಳೇರಿಯ ಕೃಷಿಕ

ಸಮಾಧಾನವಾಯಿತು ಮೇಷ್ಟ್ರೇ. ನಾಳೆ ನನ್ನ ತೋಟದ ಬುಡಗಳನ್ನು ಉಗುರು ಒತ್ತಿ ನೋಡಿ ಬರುತ್ತೇನೆ.

ತೋಟದಂಚು (ಬದಿಯಡ್ಕ)

ಸಿಕ್ಕಿತು! ರಾತ್ರಿ ಹನ್ನೊಂದೂವರೆಗೆ ಮನೆಯವರನ್ನೆಲ್ಲ ಎಬ್ಬಿಸಿದೆ.

ಮೊದಲು ಕಿತ್ತಳೆಯದನ್ನು ತೆಗೆದುಕೊಂಡೆ. ಮರಗೆಣಸಿನ ಬೆಂಡು, ಹೊಸ ಬ್ಲೇಡು, ಪೆರಿಯದವರು ಹೇಳಿದ ಹಾಗೇ. ಕಾಂಗೋ ರೆಡ್ ಪಟ್ಟಣದ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. 40ರ ಲೆನ್ಸಿನಲ್ಲಿ ಅಂಚನ್ನು ಹಿಡಿದು ಮೆಲ್ಲ ಸರಿಸುತ್ತಾ ಹೋದೆ. ಒಂದು ಕಡೆ ಕೆಂಪು ಎಳೆಗಳು ಒತ್ತೊತ್ತಾಗಿ ನಿಂತಿದ್ದವು. ಅದರಲ್ಲಿ ಒಂದರ ತುದಿ ಎರಡಾಗಿ ಸೀಳಿತ್ತು. ಪಕ್ಕದ್ದೂ ಹಾಗೇ. ಆಮೇಲೆ ನೋಡಿದರೆ ಇಡೀ ಸಾಲು ಕವೆಗಳು! ಮಾವಿನಕಾಯಿ ಕೊಯ್ಯುವ ದೋಟಿಯನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಒಂದು ಕವೆಯ ತುದಿಯಲ್ಲಿ ಬೀಜಕ ಇನ್ನೂ ಅಂಟಿಕೊಂಡಿತ್ತು.

ಹಳೆ ಬಾಟನಿ ಮೇಷ್ಟ್ರು

ಶಹಬ್ಬಾಸ್. ಕವೆ ಕಂಡ ಮೇಲೆ ಟ್ರೆಮೆಲ್ಲಾ ಮೆಸೆಂಟೆರಿಕಾದ ಮಾತು ಮುಗಿಯಿತು. ಇದು ಡ್ಯಾಕ್ರಿಮೈಸೀಸ್ ಬಳಗ. ಸಟ್ಟುಗದ ತುದಿ, ಬಿರುಕಿನ ಉದ್ದಕ್ಕೆ ಸಾಲು, ತೊಗಟೆ ಇಲ್ಲದ ಬಿಸಿಲು ಬೀಳುವ ಮರ, ಇಷ್ಟು ಸೇರಿದರೆ ಡ್ಯಾಕ್ರಿಯೋಪಿನಾಕ್ಸ್ ಸ್ಪಾತುಲೇರಿಯಾ ಎಂದೇ ನನ್ನ ಮನಸ್ಸು ಹೇಳುತ್ತದೆ. ಬೀಜಕದ ಅಳತೆ ಕೊಡಿ. ಅದರ ನಡುವೆ ಅಡ್ಡಗೋಡೆ ಇದೆಯಾ ನೋಡಿ.

ಒಂದು ಎಚ್ಚರಿಕೆ. ಈ ಬಳಗ ಮರದ ಸೆಲ್ಯುಲೋಸನ್ನು ತಿಂದು ಕಂದು ಪುಡಿ ಉಳಿಸುತ್ತದೆ. ಇದೇ ಕಿತ್ತಳೆ ಸಾಲು ತೋಡಿನ ಸಂಕದ ಹಲಗೆಯಲ್ಲೋ ಕೊಟ್ಟಿಗೆಯ ಜಂತಿಯಲ್ಲೋ ಕಂಡರೆ ಹಲಗೆಯನ್ನು ಬಡಿದು ನೋಡಿ.

ತೋಟದಂಚು (ಬದಿಯಡ್ಕ)

ಅಳತೆ ಹೇಗೆ ತೆಗೆಯುವುದು? ಕಣ್ಣಿನ ಕಡೆಯ ಲೆನ್ಸಿನಲ್ಲಿ ಗೀಟುಗಳಿವೆ. ಅವು ಎಷ್ಟು ಅಂತ ಗೊತ್ತಿಲ್ಲ.

ಪೆರಿಯದ ಎಂಎಸ್ಸಿ

ಆ ಗೀಟಿಗೆ ತನ್ನದೇ ಬೆಲೆ ಇಲ್ಲ. ಪ್ರತಿ ಲೆನ್ಸಿಗೂ ಬೇರೆ ಬೇರೆ. ಸ್ಟೇಜ್ ಮೈಕ್ರೋಮೀಟರ್ ಎಂಬ ಸ್ಲೈಡ್ ಬರುತ್ತದೆ. ಅದರಲ್ಲಿ 1 ಮಿಲಿಮೀಟರನ್ನು 100 ಭಾಗ ಮಾಡಿರುತ್ತಾರೆ, ಅಂದರೆ ಒಂದು ಭಾಗ 10 ಮೈಕ್ರಾನ್. ಕಣ್ಣಿನ ಗೀಟು ಮತ್ತು ಸ್ಲೈಡಿನ ಗೀಟು ಒಂದರ ಮೇಲೊಂದು ಕೂರುವ ಹಾಗೆ ಮಾಡಿ. 40ರ ಲೆನ್ಸಿನಲ್ಲಿ ನಿಮ್ಮ 100 ಗೀಟು ಸ್ಲೈಡಿನ 25 ಭಾಗಕ್ಕೆ ಸರಿ ಬಂತು ಅಂತಿಟ್ಟುಕೊಳ್ಳಿ. ಆಗ 100 ಗೀಟು ಅಂದರೆ 250 ಮೈಕ್ರಾನ್, ಒಂದು ಗೀಟು 2.5 ಮೈಕ್ರಾನ್. 100ರ ಲೆನ್ಸಿಗೆ ಮತ್ತೆ ಇದೇ ಕೆಲಸ, ಎಣ್ಣೆ ಹಾಕಿ. ಒಮ್ಮೆ ಲೆಕ್ಕ ಹಾಕಿ ಮೈಕ್ರೋಸ್ಕೋಪಿನ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿ ಇಡಿ. ಸ್ಲೈಡನ್ನು ನಾನು ಭಾನುವಾರ ಬದಿಯಡ್ಕಕ್ಕೆ ಬರುವಾಗ ತರುತ್ತೇನೆ.

ಇನ್ನೊಂದು. ಕನಿಷ್ಠ 20 ಬೀಜಕ ಅಳೆಯಿರಿ. ಒಂದೆರಡು ಅಳೆದರೆ ನಮಗೆ ಬೇಕಾದ ಹೆಸರಿಗೆ ಸರಿಹೊಂದುವುದೇ ಕಣ್ಣಿಗೆ ಬೀಳುತ್ತದೆ. ಅಳೆಯಲು ಬೀಜಕದ ಅಚ್ಚು ತೆಗೆದರೆ ಇನ್ನೂ ಒಳ್ಳೆಯದು. ಅಳಂಬೆಯ ಚೂರನ್ನು ಸ್ಲೈಡಿನ ಮೇಲೆ ರಾತ್ರಿಯಿಡೀ ಬಟ್ಟಲು ಮುಚ್ಚಿ ಇಡಿ. ತಾನಾಗಿ ಬಿದ್ದ ಬೀಜಕ ಬಲಿತಿರುತ್ತದೆ. ಹಿಸುಕಿ ತೆಗೆದದ್ದರಲ್ಲಿ ಎಳೆಯದೂ ಸೇರುತ್ತದೆ.

ತಾಳವಾಡಿ ಕಡೆಯವನು

ಈ ಚರ್ಚೆ ಓದುತ್ತಾ ಇದ್ದೇನೆ. ನಮ್ಮ ಕಡೆ ನಿಮ್ಮಷ್ಟು ಮಳೆ ಇಲ್ಲ. ಒಂದು ಒಣ ಕೊಂಬೆಯಲ್ಲಿ ಕಪ್ಪು ಚಕ್ಕೆ ಕಂಡು ಮನೆಗೆ ತಂದಿದ್ದೆ. ಮೇಷ್ಟ್ರು ಹಪ್ಪಳ ಅಂದದ್ದು ನೆನಪಾಗಿ ನೀರಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ಉಬ್ಬಿ ಮೆತ್ತಗಿನ ಕಿವಿಯೇ ಆಯಿತು. ನನ್ನ ಹತ್ತಿರ ಇರುವುದು ಕಾಗದ ಮಡಚಿ ಮಾಡುವ ಪುಟ್ಟ ಮೈಕ್ರೋಸ್ಕೋಪ್, ಫೋಲ್ಡ್‌ಸ್ಕೋಪ್ ಮಾತ್ರ. ಅದರಲ್ಲಿ ಆಗುತ್ತದೆಯೇ?

ಹಳೆ ಬಾಟನಿ ಮೇಷ್ಟ್ರು

ಆಗುವುದು ಸ್ವಲ್ಪ, ಆಗದ್ದು ಸ್ವಲ್ಪ. ಮನು ಪ್ರಕಾಶ್ ಮತ್ತು ಅವರ ತಂಡ ಸ್ಟ್ಯಾನ್‌ಫರ್ಡಿನಲ್ಲಿ ಮಾಡಿ 2014ರಲ್ಲಿ ಪ್ರಕಟಿಸಿದ ಆ ಉಪಕರಣ 140 ಪಟ್ಟು ದೊಡ್ಡದು ಮಾಡುತ್ತದೆ. 2 ಮೈಕ್ರಾನಿನ ಆಸುಪಾಸಿನ ವಿವರ ಸಿಗುತ್ತದೆ. ಬೀಜಕ ಕಾಣುತ್ತದೆ, ಆಕಾರವೂ ತಿಳಿಯುತ್ತದೆ. ಕಿವಿ ಅಳಂಬೆಯ ಬೀಜಕ ಬಾಗಿದ ಗೋಡಂಬಿಯಂತೆ ಉದ್ದಕ್ಕಿರುತ್ತದೆ, ಅದನ್ನು ಹಿಡಿಯಬಹುದು. ಬೆಸಿಡಿಯಂನ ಒಳಗೋಡೆ ನೋಡಲು ಕಷ್ಟ. ನಿಮ್ಮ ಕಿವಿಯ ಬೆನ್ನಿನ ಕೂದಲನ್ನು ಮೊದಲು ನೋಡಿ. ಕೂದಲಿನ ಉದ್ದ ಆ ಬಳಗದಲ್ಲಿ ಬಹಳ ಮುಖ್ಯದ ಗುರುತು. ಅದಕ್ಕೆ ಫೋಲ್ಡ್‌ಸ್ಕೋಪ್ ಧಾರಾಳ ಸಾಕು.

ತೋಟದಂಚು (ಬದಿಯಡ್ಕ)

ಭಾನುವಾರ ಪೆರಿಯದವರು ಬಂದಿದ್ದರು. ಒಟ್ಟಿಗೆ ಕೂತು ಲೆಕ್ಕ ಹಾಕಿದೆವು. ಅವರು ಉದಾಹರಣೆಗೆ ಹೇಳಿದ ಹಾಗೇ 40ರಲ್ಲಿ ಒಂದು ಗೀಟು 2.5, 100ರಲ್ಲಿ ಒಂದು ಗೀಟು 1 ಮೈಕ್ರಾನ್ ಬಂತು.

ಕಿತ್ತಳೆಯ ಬೀಜಕ 8ರಿಂದ 10 ಮೈಕ್ರಾನ್ ಉದ್ದ, 3.5ರಿಂದ 4 ಅಗಲ. ಸ್ವಲ್ಪ ಬಾಗಿದೆ. ಅಚ್ಚಿನಿಂದ ತೆಗೆದವುಗಳಲ್ಲಿ ಹಲವಕ್ಕೆ ನಡುವೆ ಒಂದು ಅಡ್ಡಗೋಡೆ ಇದೆ.

ಬಿಳಿಯದು ಬಹಳ ಸತಾಯಿಸಿತು. ಕೊನೆಗೆ ಎಸಳಿನ ಅಂಚಿನಿಂದ ತೆಗೆದ ಚೂರಿನಲ್ಲಿ ದುಂಡಗಿನ ಕೋಶಗಳು ಸಿಕ್ಕವು, 10ರಿಂದ 12 ಮೈಕ್ರಾನ್. ಪಕ್ಕದಿಂದ ನೋಡಿದರೆ ನಡುವೆ ಒಂದು ಗೆರೆ. ಒಂದು ಮಾತ್ರ ನೆಟ್ಟಗೆ ನಮ್ಮ ಕಡೆ ಮುಖ ಮಾಡಿ ನಿಂತಿತ್ತು, ಅದರಲ್ಲಿ ಪ್ಲಸ್ ಚಿಹ್ನೆ. ಎಣ್ಣೆಗಾಯಿ ಬದನೆ! ಬೀಜಕ ಮೊಟ್ಟೆಯಾಕಾರ, 6ರಿಂದ 8 ಉದ್ದ, 5 ಅಗಲ.

ಪೆರಿಯದ ಎಂಎಸ್ಸಿ

ನಾನೂ ಕಣ್ಣಾರೆ ನೋಡಿದೆ. ಕಿತ್ತಳೆಯದು ಡ್ಯಾಕ್ರಿಯೋಪಿನಾಕ್ಸ್ ಸ್ಪಾತುಲೇರಿಯಾ ಎನ್ನಲು ಇನ್ನು ಅಡ್ಡಿ ಇಲ್ಲ. ಬಿಳಿಯದು ಟ್ರೆಮೆಲ್ಲಾ ಫ್ಯೂಸಿಫಾರ್ಮಿಸ್. ಅದರ ಸುತ್ತ ತೊಗಟೆಯ ಮೇಲೆ ಕರಿ ಹಿಡಿದಂಥ ಗಟ್ಟಿ ಹೊಪ್ಪಳೆ ಇತ್ತು, ಅಣ್ಣ ಅದನ್ನು ಫೋಟೋದಲ್ಲಿ ತೋರಿಸಿರಲಿಲ್ಲ. ಮೇಷ್ಟ್ರು ಹೇಳಿದ ಹಾಗೆ ಈ ಟ್ರೆಮೆಲ್ಲಾ ಬದುಕುವುದು ಇನ್ನೊಂದು ಶಿಲೀಂಧ್ರದ ಮೇಲೆ. ಅದು ಅನ್ಯುಲೋಹೈಪಾಕ್ಸಿಲಾನ್ ಅಂತ ಒಂದು ಕಪ್ಪು ಹೊಪ್ಪಳೆ. ಚೀನಾದಲ್ಲಿ ಈ ಬಿಳಿ ಅಳಂಬೆಯನ್ನು ಬೆಳೆಯುವವರು ಎರಡರ ಬಿತ್ತನೆಯನ್ನೂ ಸೇರಿಸಿಯೇ ಹಾಕುತ್ತಾರೆ.

ಮಂಜೇಶ್ವರದ ಅಡುಗೆಮನೆ

ಬೆಳೆಯುತ್ತಾರೆ ಅಂದರೆ ತಿನ್ನಬಹುದು ಅಂತಾಯಿತಲ್ವಾ? ನಾವು ಕಲ್ಲಲಾಂಬು ಬಿಟ್ಟರೆ ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಆದರೆ ಈ ಬಿಳಿ ಎಸಳು ನೋಡಿ ಆಸೆಯಾಗುತ್ತಿದೆ.

ಹಳೆ ಬಾಟನಿ ಮೇಷ್ಟ್ರು

ಚೀನಾದಲ್ಲಿ ಅದರ ಸಿಹಿ ಸೂಪ್ ಮಾಡುತ್ತಾರೆ, ನಿಜ. ಆದರೆ ಬೆಳೆಸಿ ಮಾರುವುದು ಬೇರೆ, ಬನದ ಮರದಿಂದ ಕಿತ್ತು ತರುವುದು ಬೇರೆ. ನಾನು ತಿನ್ನಿ ಎನ್ನುವುದಿಲ್ಲ. ಅಂಗಡಿಯ ಒಣ ಅಳಂಬೆಯನ್ನೂ ರಾತ್ರಿಯಿಡೀ ಸೆಕೆಯಲ್ಲಿ ನೆನೆಸಿಡಬೇಡಿ. ಹಾಗೆ ಇಟ್ಟ ಬಿಳಿ ಅಳಂಬೆ, ಕಿವಿ ಅಳಂಬೆಗಳಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ಬಾಂಗ್‌ಕ್ರೆಕಿಕ್ ಆಮ್ಲ ಎಂಬ ವಿಷ ಮಾಡಿದೆ, ಚೀನಾದಲ್ಲಿ ಜನ ಸತ್ತಿದ್ದಾರೆ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ಬೇಕಾದಷ್ಟನ್ನು ಸ್ವಲ್ಪ ಹೊತ್ತು ನೆನೆಸಿ, ಆಗಲೇ ಬೇಯಿಸಿ.

ಕುಂಬಳೆ ಹೊಳೆ

ಮೂರನೆಯದು ಏನಾಯಿತು? ನಾನು ಎಳೆಯ ಕಿವಿ ಅಂದಿದ್ದೆ.

ಹಳೆ ಬಾಟನಿ ಮೇಷ್ಟ್ರು

ನಾನು ಎಕ್ಸಿಡಿಯಾ ಎಂಬ ಇನ್ನೊಂದು ಲೋಳೆ ಅಳಂಬೆ ಇರಬಹುದು ಎಂದುಕೊಂಡಿದ್ದೇನೆ. ಕಪ್ಪು, ಲೋಳೆ, ಮರದ ಮೇಲೆ. ಹಾಗಿದ್ದರೆ ಇಲ್ಲೂ ಎಣ್ಣೆಗಾಯಿ ಬದನೆಯೇ ಕಾಣಬೇಕು. ಆದರೆ ಬೀಜಕ ಉದ್ದ, ಬಾಗಿದ್ದು.

ತೋಟದಂಚು (ಬದಿಯಡ್ಕ)

ಮೇಷ್ಟ್ರೇ, ಅಲ್ಲ. ಮೂರನೆಯದರ ಮೇಲಿನ ಹಳದಿ ಪದರದಿಂದ ಚೂರು ತೆಗೆದು ನೋಡಿದೆ. ಕವೆ ಇಲ್ಲ, ಬದನೆ ಇಲ್ಲ, ಬಿದಿರಿನ ಗಂಟೂ ಇಲ್ಲ. ಉದ್ದುದ್ದ ಕೊಳವೆಗಳು. ಎಷ್ಟು ಉದ್ದ ಅಂದರೆ 40ರ ಲೆನ್ಸಿನಲ್ಲಿ ಒಂದೇ ನೋಟಕ್ಕೆ ಹಿಡಿಯುವುದಿಲ್ಲ. ಕೊಳವೆಯೊಳಗೆ ಬೀಜಕಗಳು ಸಾಲಾಗಿ ಕೂತಿವೆ, ಅಲಸಂಡೆ ಕೋಡಿನಲ್ಲಿ ಬೀಜ ಕೂತ ಹಾಗೆ. ಎಣಿಸಿದೆ. ಎಂಟು. ಇನ್ನೊಂದರಲ್ಲೂ ಎಂಟು. ಖಾಲಿಯಾದ ಕೊಳವೆಯ ತುದಿಯಲ್ಲಿ ಒಂದು ಸಣ್ಣ ಮುಚ್ಚಳ ಓರೆಯಾಗಿ ತೆರೆದುಕೊಂಡಿದೆ.

ಬೀಜಕವೂ ದೊಡ್ಡದು, 27ರಿಂದ 32 ಮೈಕ್ರಾನ್ ಉದ್ದ, 12 ಅಗಲ. ಬಿಳಿಯದರ ನಾಲ್ಕು ಪಟ್ಟು.

ಹಳೆ ಬಾಟನಿ ಮೇಷ್ಟ್ರು

ನನ್ನ ಊಹೆ ತಪ್ಪಾಯಿತು, ಮತ್ತು ತಪ್ಪಾದದ್ದಕ್ಕೆ ಸಂತೋಷವಾಗಿದೆ. ಎಂಟು ಬೀಜಕದ ಚೀಲ ಅಂದರೆ ಆಸ್ಕಸ್. ಲೋಳೆ ಇದ್ದರೂ ಇದು ಲೋಳೆ ಅಳಂಬೆಗಳ ನಂಟನಲ್ಲ. ಹಿಟ್ಟು ಉಬ್ಬಿಸುವ ಯೀಸ್ಟ್ ಇರುವ ವಿಭಾಗಕ್ಕೆ ಸೇರಿದ್ದು. ಮುಚ್ಚಳವಿರುವ ಆಸ್ಕಸ್ ಎಂದರೆ ಬಟ್ಟಲು ಅಳಂಬೆಗಳಾದ ಪೆಜಿಜೇಲ್ಸ್. ಮುಚ್ಚಳ ನೋಡಿದ್ದು ನಿಮ್ಮ ಕಣ್ಣಿನ ಬಲ.

ಪೆರಿಯದ ಎಂಎಸ್ಸಿ

ಹೊರಗೆ ಮಖಮಲ್ ರೋಮ, ಒಳಗೆ ಗಟ್ಟಿ ಲೋಳೆ, ಮೇಲೆ ಚಪ್ಪಟೆ ಬಟ್ಟಲು, ಉಷ್ಣವಲಯದ ಕಾಡಿನ ಬಿದ್ದ ಮರ. ಇದು ಟ್ರೈಕಲ್ಯೂರಿನಾ. ಹಳೆಯ ಪುಸ್ತಕಗಳಲ್ಲಿ ಗ್ಯಾಲಿಯೆಲ್ಲಾ ಎಂದಿರುತ್ತದೆ. 2013ರಲ್ಲಿ ಆ ಗುಂಪನ್ನು ಮತ್ತೆ ಪರಿಶೀಲಿಸಿ ಹೆಸರು ಸರಿಮಾಡಿದರು. ಪ್ರಭೇದ ಹೇಳಲು ಬೀಜಕದ ಮೈ ನೋಡಬೇಕು. ಕಾಟನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ ಸ್ವಲ್ಪ ಬಿಸಿ ಮಾಡಿ, 100ರ ಲೆನ್ಸಿನಲ್ಲಿ ಎಣ್ಣೆ ಹಾಕಿ ನೋಡಿ. ಬಲಿತ ಬೀಜಕದ ಮೇಲಿನ ಸಣ್ಣ ಗುಳ್ಳೆಗಳು ನೀಲಿ ಹಿಡಿಯುತ್ತವೆ. ಅಲ್ಲಿಯವರೆಗೆ ಚೀಟಿಯಲ್ಲಿ ಟ್ರೈಕಲ್ಯೂರಿನಾ ಎಂದಷ್ಟೇ ಬರೆಯಿರಿ. ಅರ್ಧ ಭಾಗ ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಿ. ಮರದ ಹೆಸರು, ಜಾಗ, ದಿನಾಂಕ ಬರೆಯಲು ಮರೆಯಬೇಡಿ.

ಸುಳ್ಯದ ಕಡೆಯವಳು

ಒಂದು ಅನುಭವ ಹೇಳಿಬಿಡುತ್ತೇನೆ. ಈ ಮಳೆಯಲ್ಲಿ ಮೈಕ್ರೋಸ್ಕೋಪನ್ನು ಮರದ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ನನ್ನದರ 40ರ ಲೆನ್ಸಿನ ಒಳಗೇ ಬೂಷ್ಟು ಬೆಳೆದು ಜೇಡರ ಬಲೆ ಹಾಕಿದ ಹಾಗಾಯಿತು. ಮತ್ತೆ ಸರಿಯಾಗಲೇ ಇಲ್ಲ. ಲೆನ್ಸುಗಳನ್ನು ಬಿಚ್ಚಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕಿ.

ತೋಟದಂಚು (ಬದಿಯಡ್ಕ)

ತುಂಬಾ ಉಪಕಾರ, ಇವತ್ತೇ ಮಾಡಿದೆ.

ಬಿಳಿಯದರ ಸುತ್ತಲಿನ ಕಪ್ಪು ಹೊಪ್ಪಳೆ ಮನಸ್ಸಿನಿಂದ ಹೋಗಲಿಲ್ಲ. ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಬನಕ್ಕೆ ಹೋಗಿ ಕೈಮುಗಿದು ಉಗುರಷ್ಟು ಚೂರು ತಂದೆ. ಅದನ್ನು ಹೇಗೆ ನೋಡುವುದು?

ಪೆರಿಯದ ಎಂಎಸ್ಸಿ

ಮೈಕ್ರೋಸ್ಕೋಪಿಗೆ ಮೊದಲು ಒಂದು ಸುಲಭದ ಪರೀಕ್ಷೆ ಇದೆ. ಹೊಪ್ಪಳೆಯ ಮೇಲ್ಮೈಯನ್ನು ಸ್ವಲ್ಪ ಕೆರೆದು ಬಿಳಿ ಪಿಂಗಾಣಿ ಬಟ್ಟಲಿಗೆ ಹಾಕಿ. 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಡಿ. ಅದರ ಹತ್ತಿರದ ನಂಟ ಹೈಪಾಕ್ಸಿಲಾನ್ ಆದರೆ ಸಾಮಾನ್ಯವಾಗಿ ಕಿತ್ತಳೆ, ಕಂದು ಬಣ್ಣ ಬಿಡುತ್ತದೆ. ಅನ್ಯುಲೋಹೈಪಾಕ್ಸಿಲಾನ್ ಆದರೆ ಹೆಚ್ಚಾಗಿ ಹಸಿರು, ಕೆಲವೊಮ್ಮೆ ನೇರಳೆ. ಆಮೇಲೆ ಬೀಜಕ ನೋಡಿ. ಕಡು ಕಂದು, ಒಂದೇ ಕೋಶ, ಮೈಮೇಲೆ ಉದ್ದಕ್ಕೆ ಒಂದು ಸೀಳುಗೆರೆ ಇರಬೇಕು.

ತೋಟದಂಚು (ಬದಿಯಡ್ಕ)

ಅಮ್ಮನ ಉಪ್ಪಿನಕಾಯಿ ಬಟ್ಟಲನ್ನು ಕೇಳಿ ತೆಗೆದುಕೊಂಡೆ. ಇನ್ನು ಅಡುಗೆಗೆ ಅದು ಬೇಡ ಎಂದಿದ್ದಾರೆ. ಹನಿ ಬಿಟ್ಟ ಕೂಡಲೇ ಏನೂ ಆಗಲಿಲ್ಲ. ಒಂದು ನಿಮಿಷ ಕಳೆಯುವಾಗ ಕಪ್ಪು ಪುಡಿಯ ಅಂಚಿನಿಂದ ಬಣ್ಣ ಇಳಿಯತೊಡಗಿತು. ಬೇಯಿಸಿದ ತಿಮರೆ ಸೊಪ್ಪಿನ ಹಸಿರು. ಸೀಳುಗೆರೆಯ ಬೀಜಕದ ಫೋಟೋ ನಾಳೆ ಹಾಕುತ್ತೇನೆ, ಈಗ ಕರೆಂಟು ಹೋಯಿತು.